ಅವರೇನೂ ಬ್ಯಾಡ, ತೊಗರೀನೂ ಬ್ಯಾಡ

“ನೀನೊಬ್ಬ ಇಲ್ದೇ ಇದ್ದಿದ್ರ ನನ್ನ ಮೊಕ ಇಷ್ಟೊತ್ಗೆ ಅಸ್ರಾಗಿರದು ಕಣ್ಲಾ. ನಿನ್ನಿಂದ್ಲೇ ಕೆಂಪಾಗದು.”

“ನಿನ್ ಮೊಕ ಕೆಂಪಾದ್ರ ನಾನೇನ್ ಮಾಡ್ಲಿ? ಪೌಡ್ರು ವಸಿ ಜಾಸ್ತಿ ಆಕ.”

“ತಮಾಸೆ ಮಾಡ್ಬ್ಯಾಡ ರೇವಂತ. ನಂಗ ಮೈಯೆಲ್ಲಾ ಉರೀತಾ ಅದ.”

“ಉರೀಲಿ ಬುಡು. ಚಳಿಗಾಲ.”

ಜಗಳ ನಡೆಯುತ್ತಿದ್ದುದು ಚಾಮರಾಜನಗರದ ಜೋಡಿ ರಸ್ತೆಯಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿದ್ದ ಆಫೀಸಿನ ಮೆಟ್ಟಿಲ ಮೇಲೆ. ಬಿಂದುಶ್ರೀ ಮೇಲೆ ನಿಂತಿದ್ದಳು, ರೇವಂತ ಒಂದೆರಡು ಮೆಟ್ಟಿಲು ಕೆಳಗೆ. ಹಾಗೆ ನಿಂತರೆ ಇಬ್ಬರ ಕಣ್ಣೂ ಒಂದೇ ಮಟ್ಟಕ್ಕೆ ಬರುತ್ತಿದ್ದವು. ಅದು ಅವಳಿಗೆ ಬೇಕಿರಲಿಲ್ಲ. ಅವನ ಕಣ್ಣು ನೋಡಿದರೆ ಬಯ್ಯಲು ತಂದ ಮಾತಲ್ಲಿ ಅರ್ಧ ಮರೆತುಹೋಗುತ್ತಿತ್ತು. ಅದಕ್ಕೇ ಅವನ ಅಂಗಿಯ ಮೇಲಿನ ಗುಂಡಿಯನ್ನೇ ನೋಡಿಕೊಂಡು ಬಯ್ಯುತ್ತಿದ್ದಳು.

ಅವಳು ಹೇಳುತ್ತಿದ್ದ ಮೊಕ ಅವಳ ಸ್ವಂತದ್ದಲ್ಲ. ಅವಳ ಕಂಪ್ಯೂಟರಿನ ಮೂಲೆಯಲ್ಲಿದ್ದ ಗುಂಡನೆಯ ಪುಟಾಣಿ ಮುಖ. ಕಂಪನಿಯವರು ಹೊಸದಾಗಿ ತಂದು ಕೂರಿಸಿದ ಎ.ಐ.ಯದು. ಹೆಸರು ಮೈತ್ರಿ. ನೌಕರರ ಮನಸ್ಸಿನ ಆರೋಗ್ಯ ಕಾಯುವುದು ಅದರ ಕೆಲಸವಂತೆ. ಕಂಪ್ಯೂಟರಿನ ಮೈಕಿನಲ್ಲಿ ಇವರು ಆಡುವ ಮಾತೆಲ್ಲ ಕೇಳಿಸಿಕೊಂಡು, ಖುಷಿಯಾಗಿದ್ದವರ ಮುಖ ಹಸಿರು, ಸಪ್ಪಗಿದ್ದವರದು ಹಳದಿ, ಸಿಡುಕುವವರದು ಕೆಂಪು ಎಂದು ಬಣ್ಣ ಹಚ್ಚುತ್ತಿತ್ತು.

ಆವತ್ತು ಬೆಳಗ್ಗೆ ಬಿಂದುಶ್ರೀ ಅವರೆಕಾಳು ಉಪ್ಪಿಟ್ಟು ತಂದಿದ್ದಳು. ಪಕ್ಕದ ಸೀಟಿನ ರೇವಂತ ಡಬ್ಬಿಗೆ ಕೈ ಹಾಕಿದ. “ಮುಟ್ಟುದ್ರ ಕೈ ಮುರ್ದಾಕ್ಬುಡ್ತೀನಿ,” ಅಂದಳು. “ಮುರಿ, ಬಾಯಿ ಅದಲ್ಲ, ಅದ್ರಲ್ಲೇ ತಿಂತೀನಿ,” ಅಂದ ಅವನು. ಇಬ್ಬರೂ ನಗುತ್ತಿದ್ದಾಗಲೇ ಇಬ್ಬರ ಮುಖವೂ ಕೆಂಪಾಯಿತು. ಕೆಳಗೆ ಅಕ್ಷರ ಮೂಡಿದವು: ‘ಬೆದರಿಕೆ. ದೈಹಿಕ ಹಿಂಸೆಯ ಸೂಚನೆ.’

“ತಿಂಗ್ಳ ಕೊನೇಲಿ ಕೆಂಪು ಮೊಕದೋರ್ನೆಲ್ಲಾ ಮನಗ ಕಳ್ಸ್ತಾರಂತ,” ಅಂದಳು ಬಿಂದುಶ್ರೀ. “ನಂಗ ಈ ಕೆಲ್ಸ ಬೇಕು. ನಿಂಗೂ ಬೇಕು.”

“ಅಂಗಾರ ಏನ್ ಮಾಡ್ಬೇಕು ಯೋಳು.”

“ಎಲ್ರಂಗ ಮಾತಾಡು. ಮರ್ವಾದೆಯಿಂದ ಮಾತಾಡು. ಅದಾಗಲ್ಲ ಅಂದ್ರ ಮಾತೇ ಆಡ್ಬ್ಯಾಡ.”

ರೇವಂತನ ತುಟಿಯ ಮೇಲಿದ್ದ ನಗು ನಿಂತಲ್ಲೇ ನಿಂತಿತು. ಅವನು ಮೆಟ್ಟಿಲ ಕಂಬಿಯ ಮೇಲಿಟ್ಟಿದ್ದ ಕೈಯನ್ನು ನಿಧಾನಕ್ಕೆ ತೆಗೆದ. ಆ ಕೈ ಅವಳ ಕೈಗೆ ಒಂದು ಬೆರಳಷ್ಟು ದೂರದಲ್ಲಿತ್ತು, ಅವಳಿಗೆ ಅದು ಮೊದಲಿನಿಂದಲೂ ಗೊತ್ತಿತ್ತು.

“ಮರ್ವಾದೆ ಬೇಕಾ ನಿಂಗ? ನನ್ನಿಂದ?”

“ಊ. ನಿನ್ನಿಂದ್ಲೇ.”

“ಸರಿ, ಬಿಂದುಶ್ರೀ ಅವರೇ,” ಅಂದ ರೇವಂತ. “ನಿಮ್ಮಿಷ್ಟ.”

ಅವಳನ್ನು ಸವರಿಕೊಂಡೂ ಹೋಗದೆ, ಗೋಡೆಗೆ ಒತ್ತಿಕೊಂಡು ಮೇಲೆ ಹೋಗಿಬಿಟ್ಟ.

*

ಆ ‘ಅವರೇ’ಗೆ ಒಂದು ಕಥೆಯಿದೆ. ಅದನ್ನು ಹೇಳದಿದ್ದರೆ ಅವನು ಹೋದ ಮೇಲೂ ಅವಳು ಮೆಟ್ಟಿಲ ಮೇಲೆ ಯಾಕೆ ಕಲ್ಲಾಗಿ ನಿಂತಳು ಅನ್ನುವುದು ತಿಳಿಯುವುದಿಲ್ಲ.

ರೇವಂತ ಕೆಲಸಕ್ಕೆ ಸೇರಿದ ದಿನ ಗುಂಡ್ಲುಪೇಟೆಯ ಬಸ್ಸು ತೆರಕಣಾಂಬಿಯಲ್ಲಿ ಕೆಟ್ಟು ನಿಂತು, ತಡವಾಗಿ ಬೆವರು ಸುರಿಸಿಕೊಂಡು ಬಂದವನು ಖಾಲಿ ಕಂಡ ಕುರ್ಚಿಯಲ್ಲಿ ಕೂತುಬಿಟ್ಟಿದ್ದ. ಅದು ಬಿಂದುಶ್ರೀಯದು. ಅವಳು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅವನು ಅವಳ ಕೊರಳಿನ ಐಡಿ ಕಾರ್ಡಿನಲ್ಲಿ ಹೆಸರು ಓದಿ, “ಬಿಂದುಶ್ರೀ ಅವರೇ, ಇದು ನಿಮ್ಮ ಸೀಟಾ?” ಎಂದು ಪೇಟೆ ಕನ್ನಡದಲ್ಲಿ ಕೇಳಿದ.

“ಅವರೇನೂ ಬ್ಯಾಡ, ತೊಗರೀನೂ ಬ್ಯಾಡ. ಏಳು ಮ್ಯಾಕೆ,” ಅಂದಿದ್ದಳು.

ಅವನು ಕುಡಿಯುತ್ತಿದ್ದ ನೀರು ಮೂಗಿಗೆ ಬರುವ ಹಾಗೆ ನಕ್ಕಿದ್ದ. ಅಲ್ಲಿಂದ ಮುಂದೆ ಅವನ ಬಾಯಲ್ಲಿ ಅವಳು ‘ಕಣಮ್ಮಿ’, ಅವಳ ಬಾಯಲ್ಲಿ ಅವನು ‘ಕಣ್ಲಾ’. ಅವಳು ಮುಖ ಊದಿಸಿಕೊಂಡು ಬಂದ ದಿನ, “ಇವತ್ತು ಅವರೆಯೋ ತೊಗರಿಯೋ?” ಎಂದು ಕೇಳುತ್ತಿದ್ದ. ತೊಗರಿ ಎಂದರೆ ಸ್ವಲ್ಪ ಹೊತ್ತಿಗೆ ಬೇಯುವ ಕೋಪ. ಅವರೆ ಎಂದರೆ ಎಷ್ಟು ಕುದಿಸಿದರೂ ಬೇಯದ್ದು.

ಗುಂಡ್ಲುಪೇಟೆಯಲ್ಲಿ ಅವನ ತಾಯಿ ಚೆಂಡುಹೂವು ಬೆಳೆಯುತ್ತಿದ್ದಳು. ಆ ಹೂವೆಲ್ಲ ಲಾರಿ ಹತ್ತಿ ಕೇರಳಕ್ಕೆ ಹೋಗುತ್ತಿತ್ತು. ಆಗಾಗ ಒಂದು ಹೂವು ಮಾತ್ರ ಬಿಂದುಶ್ರೀಯ ಕೀಬೋರ್ಡಿನ ಪಕ್ಕ ಬರುತ್ತಿತ್ತು. “ಲಾರಿಯಿಂದ ಬಿದ್ದೋಗಿತ್ತು, ಎತ್ಕಂಡ್ ಬಂದೆ,” ಎನ್ನುತ್ತಿದ್ದ. “ಲಾರಿಯಿಂದ ನೀನೂ ಬಿದ್ದೋಗು,” ಎಂದು ಅವಳು ಅದನ್ನು ಬ್ಯಾಗಿನೊಳಗೆ ಹಾಕಿಕೊಳ್ಳುತ್ತಿದ್ದಳು. ಮನೆಗೆ ಹೋಗಿ ನೀರಿನ ಲೋಟದಲ್ಲಿ ಇಡುತ್ತಿದ್ದಳು. ಇದಕ್ಕಿಂತ ಹೆಚ್ಚಿನದೇನನ್ನೂ ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ. ಬಯ್ದುಕೊಳ್ಳುವುದಕ್ಕೇ ಹೊತ್ತು ಸಾಲದೆ ಇರುವಾಗ ಅದನ್ನೆಲ್ಲ ಯಾವಾಗ ಹೇಳುವುದು?

*

ಆಗ ಕೆಲಸವೂ ಚೆನ್ನಾಗಿತ್ತು. ಮೊಬೈಲು, ಗ್ಯಾಸು, ಬ್ಯಾಂಕು ಅಂತ ಜನ ಕನ್ನಡದಲ್ಲಿ ಚಾಟ್ ಮಾಡಿ ಕೇಳುವ ಪ್ರಶ್ನೆಗಳಿಗೆ ಇವರು ಕನ್ನಡದಲ್ಲಿ ಟೈಪ್ ಮಾಡಿ ಉತ್ತರ ಕೊಡುತ್ತಿದ್ದರು. ಎಲ್ಲೋ ಕೂತ ಅಜ್ಜಿಯೊಬ್ಬಳ ಸಿಲಿಂಡರು ಬಂತು ಎಂದರೆ ಇಲ್ಲಿ ಇವರು ಟೀ ಕುಡಿಯುತ್ತಿದ್ದರು. ಮಾತಿಗೆ ಮಾತು ಸೇರಿಸುವ ಕೆಲಸ. ಬಿಂದುಶ್ರೀಗೆ ಅದು ಕೈಗೆ ಹತ್ತಿತ್ತು.

ಆಮೇಲೆ ಎ.ಐ. ಬಂತು. ಉತ್ತರವನ್ನೆಲ್ಲ ಅದೇ ಬರೆಯತೊಡಗಿತು. ಇವರು ಓದಿ ‘ಸರಿ’ ಒತ್ತಬೇಕು, ಅಷ್ಟೆ. ಇವರು ಒತ್ತುವುದನ್ನು ನೋಡಿ ನೋಡಿ ಅದು ಇನ್ನೂ ಚೆನ್ನಾಗಿ ಕಲಿಯುತ್ತಿತ್ತು. ಪೂರ್ತಿ ಕಲಿತ ಮೇಲೆ ಇವರನ್ನು ಮನೆಗೆ ಕಳಿಸುತ್ತದೆ ಎನ್ನುವುದು ಯಾರಿಗೆ ಗೊತ್ತಿರಲಿಲ್ಲ? ಒಂದೊಂದೇ ಕುರ್ಚಿ ಖಾಲಿಯಾಯಿತು. ಎದುರು ಸೀಟಿನ ರಾಜಣ್ಣ ಬೆಳಗ್ಗೆ ಆಫೀಸಿನ ಮೆಟ್ಟಿಲು ಹತ್ತಲಾರದೆ ಕೆಳಗೇ ನಿಂತುಬಿಡುತ್ತಿದ್ದ. ಕೆಲಸ ಮಾಡುತ್ತಲೇ ಗುನುಗುತ್ತಿದ್ದ ಅಸ್ಮಾ ಗುನುಗುವುದು ಬಿಟ್ಟಳು. “ಈಗ ನನ್ನ ಬೆರಳು ಮಾತ್ರ ನೌಕರಿಗೆ ಬರ್ತದೆ ಕಣೇ. ನಾನು ಬರಲ್ಲ,” ಅಂದಿದ್ದಳು ಒಂದು ದಿನ.

ಜನ ಕುಗ್ಗಿದ್ದಾರೆ ಅಂತ ಕಂಪನಿಗೂ ತಿಳಿಯಿತು. ಕುಗ್ಗಿದವರ ಪಕ್ಕ ಕೂತು ಏನಾಯಿತಪ್ಪಾ ಅಂತ ಕೇಳುವುದಕ್ಕೆ ಒಬ್ಬ ಮನುಷ್ಯನನ್ನು ಕಳಿಸಬಹುದಾಗಿತ್ತು. ಕಳಿಸಲಿಲ್ಲ. ಎ.ಐ.ಯಿಂದ ಆದ ನೋವಿಗೆ ಇನ್ನೊಂದು ಎ.ಐ. ಕಳಿಸಿದರು. ಅದೇ ಮೈತ್ರಿ.

ಮೈತ್ರಿಗೆ ಪೇಟೆ ಕನ್ನಡ ಗೊತ್ತಿತ್ತು. ಚಾಮರಾಜನಗರದ ಕನ್ನಡ ಗೊತ್ತಿರಲಿಲ್ಲ. ‘ಬುಡ್ಲಾ’ ಅಂದರೆ ಬೈಗುಳ ಅಂದುಕೊಂಡಿತು. ಅಸ್ಮಾ ಊಟದ ಹೊತ್ತಿನಲ್ಲಿ ತನ್ನ ತಾಯಿ ಸಾಬೀರಾಳ ಜೊತೆ ಫೋನಿನಲ್ಲಿ ಉರ್ದುವಿನಲ್ಲಿ ಹರಟಿದರೆ ‘ಅಪರಿಚಿತ ಭಾಷೆ, ಒತ್ತಡದ ಲಕ್ಷಣ’ ಅಂತ ಹಳದಿ ಬಳಿಯಿತು. “ಗೋರಂಟಿ ತರಕ್ಕೆ ಹೇಳಿದ್ದು ಕಣಪ್ಪ,” ಎಂದು ಅಸ್ಮಾ ಕಂಪ್ಯೂಟರಿಗೇ ಕೈ ಮುಗಿದಳು.

ಯಾರು ‘ನೀವು, ತಾವು, ದಯವಿಟ್ಟು’ ಎಂದು ಉಸಿರು ಹಿಡಿದು ಮಾತಾಡುತ್ತಾರೋ ಅವರ ಮುಖ ಮಾತ್ರ ಹಸಿರು.

*

ರೇವಂತ ಮಾತು ಕೊಟ್ಟ ಹಾಗೆ ನಡೆದುಕೊಂಡ. ಅದೇ ದೊಡ್ಡ ತೊಂದರೆ.

“ಗುಡ್ ಮಾರ್ನಿಂಗ್, ಬಿಂದುಶ್ರೀ ಅವರೇ.”

“ಗುಡ್ ಮಾರ್ನಿಂಗ್, ರೇವಂತ್ ಅವರೇ.”

“ದಯವಿಟ್ಟು ಆ ಚಾರ್ಜರ್ ಕೊಡ್ತೀರಾ?”

“ಖಂಡಿತ. ತಗೊಳ್ಳಿ.”

ಚಾರ್ಜರು ಕೊಡುವಾಗ ಬೆರಳು ತಾಗದ ಹಾಗೆ ವೈರಿನ ತುದಿ ಹಿಡಿದು ಕೊಟ್ಟಳು. ಅವನೂ ಇನ್ನೊಂದು ತುದಿ ಹಿಡಿದು ತಗೊಂಡ. ನಡುವೆ ವೈರು ಒಂದು ಗಳಿಗೆ ಬಿಗಿಯಾಗಿ ನಿಂತಿತ್ತು. ಅವಳು ಬಿಡಲಿಲ್ಲ, ಅವನು ಎಳೆಯಲಿಲ್ಲ. ಆಮೇಲೆ ಇಬ್ಬರಿಗೂ ನಾಚಿಕೆಯಾಗಿ ಇಬ್ಬರೂ ಒಟ್ಟಿಗೆ ಬಿಟ್ಟರು. ಚಾರ್ಜರು ನೆಲಕ್ಕೆ ಬಿತ್ತು.

“ಕ್ಷಮಿಸಿ,” ಅಂದ ರೇವಂತ.

“ಪರವಾಗಿಲ್ಲ,” ಅಂದಳು ಬಿಂದುಶ್ರೀ.

ಇಬ್ಬರ ಮುಖವೂ ಹಚ್ಚ ಹಸಿರಾಗಿ ನಗುತ್ತಿತ್ತು. ಕಂಪ್ಯೂಟರಿನ ಮೂಲೆಯಲ್ಲಿ.

ಅವಳು ಅವನನ್ನು ನೇರವಾಗಿ ನೋಡುವುದು ಬಿಟ್ಟಳು. ಸ್ಕ್ರೀನು ಕಪ್ಪಾದಾಗ ಅದರಲ್ಲಿ ಅವನ ನೆರಳು ಬೀಳುತ್ತಿತ್ತು. ಅದನ್ನು ನೋಡುವುದಕ್ಕೆಂದೇ ಕಂಪ್ಯೂಟರನ್ನು ಸುಮ್ಮನೆ ಬಿಟ್ಟು ಮಲಗಿಸುತ್ತಿದ್ದಳು. ಒಂದು ಸಲ ಆ ಕಪ್ಪು ಗಾಜಿನಲ್ಲೇ ಅವನ ಕಣ್ಣು ಸಿಕ್ಕಿತು. ಅವನೂ ಅಲ್ಲೇ ನೋಡುತ್ತಿದ್ದ. ಅವಳು ಗಡಬಡಿಸಿ ಮೌಸ್ ಅಲ್ಲಾಡಿಸಿದಳು. ಸ್ಕ್ರೀನಿಗೆ ಬೆಳಕು ಬಂದು ಅವನು ಮಾಯವಾದ.

ಟಿಫನ್ ಡಬ್ಬಿಗೆ ಈಗ ಯಾರೂ ಕೈ ಹಾಕುತ್ತಿರಲಿಲ್ಲ. ಹಾಗಾಗಿ ಅವಳಿಗೂ ಸೇರುತ್ತಿರಲಿಲ್ಲ. ಉಮ್ಮತ್ತೂರಿನ ಮನೆಯಲ್ಲಿ ಅವ್ವ ಪುಟ್ಟಸಿದ್ದಮ್ಮ ಡಬ್ಬಿ ತೊಳೆಯಲು ತೆಗೆದವಳು ಮುಚ್ಚಳ ತೆರೆದು ನೋಡಿದಳು. ತಿಂಡಿ ಹಾಗೇ ಇತ್ತು.

“ಅಮ್ಮಿ, ಉಷಾರಿಲ್ವಾ?”

“ಚೆನ್ನಾಗೇ ಇವ್ನಿ ಕಣವ್ವ. ಆಫೀಸ್ನಲ್ಲಿ ನನ್ನ ಮೊಕವೇ ಎಲ್ರಿಗಿಂತ ಅಸ್ರು ಗೊತ್ತಾ?”

ಪುಟ್ಟಸಿದ್ದಮ್ಮ ಸೌದೆ ಒಲೆಯ ಮುಂದೆ ಕೂತು ಮಗಳನ್ನು ಒಂದು ಸುತ್ತು ನೋಡಿದಳು. “ಅದೇನೋ ನಂಗೊತ್ತಿಲ್ಲ. ದಿನಾ ಬಂದೇಟ್ಗೆ ‘ಆ ಗುಂಡ್ಲುಪೇಟೆಯೋನು ಇಂಗಂದ, ಆ ಗುಂಡ್ಲುಪೇಟೆಯೋನು ಅಂಗಂದ’ ಅಂತ ಬಯ್ಕಂಡು ಎರಡು ಮುದ್ದೆ ತಿಂತಿದ್ದೆ. ಈಚೆಗೆ ಬಯ್ಯದೇ ಇಲ್ವಲ್ಲ. ಅಂವ ಸತ್ನಾ ಬದ್ಕವ್ನಾ?”

“ಅವ್ವ.”

“ಬದ್ಕಿದ್ರ ಓಗಿ ಬಯ್ಯಿ. ಇಂಗಿದ್ರ ನೀನೇ ಸತ್ತೋಯ್ತೀಯ.”

ಬಿಂದುಶ್ರೀ ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದಳು. ಬಹಳ ಹೊತ್ತು ತೊಳೆದಳು. ವಾಪಸ್ಸು ಬಂದಾಗ ಅವ್ವ ಏನೂ ಗೊತ್ತಿಲ್ಲದವಳ ಹಾಗೆ ಬೇರೆ ಮಾತು ತೆಗೆದಳು. “ಸಂತೆಮರಹಳ್ಳಿ ರೈತರ ಸಂಘದ ಗುರುಮಲ್ಲಯ್ಯ ಸಿಕ್ಕಿದ್ದ. ಫೋನಲ್ಲಿ ಬೆಳೆ ವಿಚಾರ ಕೇಳೋರ್ಗೆ ಜವಾಬು ಕೊಡಕ್ಕೆ ಒಂದೆಣ್ಣು ಬೇಕಂತ. ಸಂಬಳ ವಸಿ ಕಮ್ಮಿ. ಮಿಸಿನ್ನು ಇಡುದ್ರಂತ, ಜನ ಅದರ ಜೊತೆ ಮಾತಾಡ್ದೆ ಬಯ್ದು ಫೋನ್ ಮಡಗ್ಬುಟ್ರಂತ.”

“ಬಯ್ಯೋರ ಜೊತೆ ನಾನ್ಯಾಕವ್ವ ಏಗ್ಲಿ.”

“ಬಯ್ದ್ರ ತಿರುಗಿ ಬಯ್ಬೌದಂತ. ಅವನೇ ಯೋಳ್ದ.”

*

ತಿಂಗಳ ಕೊನೆಯಲ್ಲಿ ಮ್ಯಾನೇಜರ್ ಮಂಗಳಗೌರಿ ಎಲ್ಲರನ್ನೂ ಕರೆದು ನಿಲ್ಲಿಸಿದಳು. ಹರದನಹಳ್ಳಿಯ ಹೆಂಗಸು, ಒಳ್ಳೆಯವಳೇ. ಮೈತ್ರಿ ಬಂದ ಮೇಲೆ ಅವಳೂ ಇಸ್ತ್ರಿ ಮಾಡಿದ ಕನ್ನಡವನ್ನೇ ಆಡುತ್ತಿದ್ದಳು.

“ನಮ್ಮ ಬ್ರಾಂಚಿಗೆ ಅತ್ಯಂತ ಸಂತೋಷದ ಬ್ರಾಂಚ್ ಅಂತ ಪ್ರಶಸ್ತಿ ಬಂದಿದೆ. ಬಿಂದುಶ್ರೀ ಮತ್ತು ರೇವಂತ್ ಅವರದು ಅತ್ಯುತ್ತಮ ಸಹೋದ್ಯೋಗಿ ಜೋಡಿ. ಬಾಂಧವ್ಯದಲ್ಲಿ ಎಲ್ಲ ಊರಿಗಿಂತ ಹೆಚ್ಚು ಅಂಕ ಇವರಿಗೇ. ಶುಕ್ರವಾರ ಹೆಡ್ ಆಫೀಸಿನವರು ವಿಡಿಯೋದಲ್ಲಿ ಬರ್ತಾರೆ. ಬಿಂದುಶ್ರೀಗೆ ಪ್ರಮೋಷನ್ನೂ ಇದೆ. ಬೇರೆ ಊರಿನ ಬ್ರಾಂಚುಗಳಿಗೆಲ್ಲ ಹೋಗಿ, ಹೇಗೆ ಮಾತಾಡಬೇಕು ಅಂತ ಟ್ರೈನಿಂಗ್ ಕೊಡಬೇಕು.”

ಚಪ್ಪಾಳೆ ಬಿತ್ತು. ಯಾರ ಕಣ್ಣಲ್ಲೂ ಏನೂ ಇರಲಿಲ್ಲ. ರಾಜಣ್ಣ ಚಪ್ಪಾಳೆ ತಟ್ಟುತ್ತಲೇ ಬಾಗಿಲು ನೋಡುತ್ತಿದ್ದ.

“ಅಭಿನಂದನೆಗಳು, ಬಿಂದುಶ್ರೀ ಅವರೇ,” ಅಂದ ರೇವಂತ.

ಅವಳಿಗೆ ಆ ಕ್ಷಣದಲ್ಲಿ ಅವನ ಕಾಲರ್ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಒಂದೇ ಒಂದು ಸಲ ‘ಕಣಮ್ಮಿ’ ಅನ್ನಬಾರದೇ? ಈ ಕೆಲಸ ಒಪ್ಪಿಕೊಂಡು ಊರೂರು ತಿರುಗಿದರೆ ಇವನ ಪಕ್ಕದ ಕುರ್ಚಿಯೂ ಇಲ್ಲ. ತಾನು ಕೇಳಿ ಪಡೆದ ಮರ್ಯಾದೆ ಇದು. ಅದನ್ನು ವಾಪಸ್ಸು ತಗೋ ಎನ್ನುವುದು ಹೇಗೆ? ಅವನಿಗೆ ಈಗ ಅಭ್ಯಾಸವಾಗಿಬಿಟ್ಟಿದ್ದರೆ?

ಅಸ್ಮಾ ಬಾತ್‌ರೂಮಿನ ಹತ್ತಿರ ಅವಳ ಕೈ ಹಿಡಿದು ನಿಲ್ಲಿಸಿದಳು. ಅಲ್ಲಿ ಮೈಕು ಇರಲಿಲ್ಲ.

“ಅವನು ಟಿಫನ್ ತರೋದೇ ಇಲ್ಲ, ನೋಡಿದ್ಯಾ?”

“ಅವನು ಯಾವತ್ತು ತಂದಿದ್ದ? ನನ್ನದೇ ತಿಂತಿದ್ದ.”

“ಅದೇ ಹೇಳ್ತಿರೋದು ಹುಚ್ಚಿ. ಮಧ್ಯಾಹ್ನ ಟೀ ಕುಡಿದು ಕೂರ್ತಾನೆ. ನಮ್ಮಮ್ಮಿ ಬಿರಿಯಾನಿ ಕಳಿಸಿದ್ರೆ ಅದನ್ನೂ ಬೇಡ ಅಂದ. ಬಿರಿಯಾನಿ ಬೇಡ ಅನ್ನೋ ಗಂಡಸನ್ನ ನಾನು ನೋಡಿದ್ದು ಅದೇ ಮೊದಲು.”

ಶುಕ್ರವಾರ ಬೆಳಗ್ಗೆ ಬಿಂದುಶ್ರೀ ಬಂದಾಗ ಕೀಬೋರ್ಡಿನ ಪಕ್ಕ ಒಂದು ಚೆಂಡುಹೂವು ಇತ್ತು. ಲಾರಿಯ ಮಾತಿಲ್ಲ, ಬಿದ್ದುಹೋದ ಮಾತಿಲ್ಲ. ಪಕ್ಕದ ಕುರ್ಚಿಯವನು ಸ್ಕ್ರೀನು ನೋಡುತ್ತ ಕೂತಿದ್ದ. ಅವನ ಕಿವಿ ಮಾತ್ರ ಕೆಂಪಗಿತ್ತು. ಮೈತ್ರಿಗೆ ಹೂವು ಕೇಳಿಸಲಿಲ್ಲ. ಅವಳಿಗೆ ಕೇಳಿಸಿತು.

*

ಆಫೀಸಿನ ಹಾಲಿನ ಗೋಡೆಗೆ ದೊಡ್ಡ ಸ್ಕ್ರೀನು ಹಾಕಿ, ಎಲ್ಲರ ಮಾತೂ ಮೈತ್ರಿಗೆ ಕೇಳುವ ಹಾಗೆ ಸುತ್ತ ಮೈಕು ಕಟ್ಟಿದ್ದರು. ಅದರಲ್ಲಿ ಅರ್ಧ ಭಾಗ ಹೆಡ್ ಆಫೀಸಿನ ಸಾಹೇಬರು, ಇನ್ನರ್ಧ ಭಾಗ ಮೈತ್ರಿ. ಎಲ್ಲರ ಮುಖಗಳೂ ಸಾಲಾಗಿ ಹಸಿರಾಗಿ ನಗುತ್ತಿದ್ದವು. ಮೈತ್ರಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಅನ್ನುವುದನ್ನು ಕಣ್ಣಾರೆ ನೋಡಬೇಕು ಎಂದು ಸಾಹೇಬರೇ ಹೇಳಿದ್ದರಂತೆ.

ಹಸಿರು ಪ್ಲಾಸ್ಟಿಕ್ಕಿನ ನಗುಮುಖವೊಂದನ್ನು ಮಂಗಳಗೌರಿ ಬಿಂದುಶ್ರೀಯ ಕೈಗಿಟ್ಟಳು. ಪಕ್ಕದಲ್ಲಿ ರೇವಂತ ನಿಂತ. ಎಷ್ಟೋ ದಿನದ ಮೇಲೆ ಇಷ್ಟು ಹತ್ತಿರ. ಬಸ್ಸಿನ ಧೂಳು, ಸೋಪು, ಒಂಚೂರು ಹೂವಿನ ವಾಸನೆ. ಅವನು ಮೈಕು ತಗೊಂಡು ಶುರು ಮಾಡಿದ.

“ಎಲ್ಲರಿಗೂ ಧನ್ಯವಾದಗಳು. ಬಿಂದುಶ್ರೀ ಅವರು ತುಂಬಾ ಒಳ್ಳೆಯ ಸಹೋದ್ಯೋಗಿ. ಅವರ ಜೊತೆ ಕೆಲಸ ಮಾಡಿದ್ದು ನನ್ನ ಭಾಗ್ಯ. ಬಿಂದುಶ್ರೀ ಅವರೇ, ನಿಮ್ಮ ಹೊಸ ಕೆಲಸಕ್ಕೆ…”

“ನಿಲ್ಸ್ಲಾ.”

ರೇವಂತ ಮೈಕು ಹಿಡಿದುಕೊಂಡೇ ಅವಳ ಕಡೆ ತಿರುಗಿದ. ಆ ಜಗಳದ ಮೇಲೆ ಮೊದಲ ಸಲ, ಕಪ್ಪು ಗಾಜಿನಲ್ಲಲ್ಲ, ನೇರವಾಗಿ.

“ಸಾಕು ನಿಲ್ಸು ನಿನ್ನ ಅವರೇನ,” ಅಂದಳು ಬಿಂದುಶ್ರೀ. “ಕೇಳಿ ಕೇಳಿ ನನ್ ಕಿವೀಲಿ ಅವರೆಗಿಡ ಉಟ್ಟದ. ನಾನೇನೋ ಒಂದಿನ ತಲೆ ಕೆಟ್ಟು ಮರ್ವಾದೆ ಕೊಡು ಅಂದ್ರ, ಅದ್ನೇ ಇಡ್ಕಂಡು ಕೊಡ್ತಾನೇ ಇದ್ದೀಯಲ್ಲ, ನಿಂಗ ಬುದ್ಧಿ ಬ್ಯಾಡ್ವಾ? ನನ್ನ ಡಬ್ಬಿ ಮುಟ್ದೆ ಎಷ್ಟು ದಿನಾಯ್ತು? ನೀನು ಮುಟ್ದೇ ಇದ್ರ ನಂಗ ಗಂಟಲಲ್ಲಿ ಇಳೀತದಾ?”

ಹಿಂದಿನ ಸ್ಕ್ರೀನಿನಲ್ಲಿ ಅವಳ ಮುಖ ಹಸಿರಿನಿಂದ ಹಳದಿಗೆ ಹಾರಿ ಕೆಂಪಾಯಿತು. ದೊಡ್ಡ ಅಕ್ಷರದಲ್ಲಿ ಬಂತು: ‘ನಿಂದನೆ. ತೀವ್ರ ದ್ವೇಷ.’

ಅಸ್ಮಾ ಬಾಯಿಗೆ ದುಪಟ್ಟಾ ಒತ್ತಿಕೊಂಡಳು.

ರೇವಂತ ಮೈಕನ್ನು ಬಾಯಿಯ ಹತ್ತಿರ ತಂದ. ಆಮೇಲೆ ಅವನ ತುಟಿಯ ಎಡಮೂಲೆ ಏರಿತು, ಆ ಮೆಟ್ಟಿಲ ಮೇಲೆ ನಿಂತುಹೋಗಿದ್ದ ನಗು ಅಲ್ಲಿಂದಲೇ ಮತ್ತೆ ಶುರುವಾದ ಹಾಗೆ.

“ನಿನ್ ಮೊಕ ಅಸ್ರಾಗಿರ್ಲಿ ಅಂತ ನಾನು ಉಪಾಸ ಬಿದ್ದು ಸಾಯ್ತಾ ಇದ್ರ, ನೀನು ನನ್ನೇ ಬಯ್ತೀಯಲ್ಲ ಕಣಮ್ಮಿ.”

ಕಣಮ್ಮಿ. ಅವಳು ಪ್ಲಾಸ್ಟಿಕ್ಕಿನ ನಗುಮುಖವನ್ನು ಎದೆಗೆ ಒತ್ತಿಕೊಂಡಳು, ಬೀಳದ ಹಾಗೆ.

“ಇನ್ನೊಂದ್ಸಲ ಅನ್ಲಾ.”

“ಕಣಮ್ಮಿ. ಕತ್ತೆ. ಕೋತಿ. ಒಟ್ಟೆಕಿಚ್ಚಿನೋಳೆ. ನಿನ್ನ ಬುಟ್ಟು ನಾನೆಲ್ಗೂ ಓಗಲ್ಲ. ನೀನು ಎಲ್ಗೋದ್ರೂ ಇಂದ್ಗಡೆನೇ ಬತ್ತೀನಿ.”

‘ಹಿಂಬಾಲಿಸುವ ಬೆದರಿಕೆ,’ ಅಂತು ಸ್ಕ್ರೀನು.

“ಸಾಯೋಗಂಟ ನಿನ್ ಪ್ರಾಣ ತಿನ್ಕಂಡು ಬಿದ್ದಿರ್ತೀನಿ. ಒಪ್ಗೇನಾ?”

‘ಪ್ರಾಣ ಬೆದರಿಕೆ. ತಕ್ಷಣ ಪೊಲೀಸರಿಗೆ ತಿಳಿಸಿ.’

“ತಿನ್ನು,” ಅಂದಳು ಬಿಂದುಶ್ರೀ. “ಯಾರ್ ಬ್ಯಾಡ ಅಂದೋರು. ಈಟು ದಿನ ತಿನ್ದೇ ಇದ್ದಿದ್ದೇ ತಪ್ಪು.”

‘ಇಬ್ಬರನ್ನೂ ಬೇರೆ ಬೇರೆ ಕೋಣೆಗೆ ಕಳಿಸಿ.’

ಮೊದಲು ನಕ್ಕವನು ರಾಜಣ್ಣ. ಅವನು ನಕ್ಕಿದ್ದು ಕೇಳಿ ಎಷ್ಟು ಕಾಲವಾಗಿತ್ತೋ. ಹೊಟ್ಟೆ ಹಿಡಿದುಕೊಂಡು ಕುರ್ಚಿಯ ಮೇಲೆ ಕುಸಿದ. “ಅಯ್ಯೋ ಬಡ್ಡೆತ್ತವಾ, ಪೊಲೀಸ್ನೋರ್ನ ಕರೀತದಂತಲ್ಲಪ್ಪೋ,” ಅಂದ. ಅವನ ಮುಖವೂ ಕೆಂಪಾಯಿತು. ಅಸ್ಮಾ ಬಾಯಿಂದ ದುಪಟ್ಟಾ ತೆಗೆದು ಉರ್ದುವಿನಲ್ಲಿ ಅವರಿಬ್ಬರಿಗೂ ದುವಾ ಮಾಡಿದಳು. ಅವಳದೂ ಕೆಂಪು. ಆಮೇಲೆ ಯಾರು ಯಾರಿಗೂ ಕಾಯಲಿಲ್ಲ. ಕಟ್ಟಿಹಾಕಿದ್ದ ಮಾತೆಲ್ಲ ಒಟ್ಟಿಗೆ ಬಿಚ್ಚಿಕೊಂಡಿತು. ಒಬ್ಬರ ಬೆನ್ನಿಗೆ ಒಬ್ಬರು ಗುದ್ದಿದರು, ಹೆಸರಿಟ್ಟು ಕರೆದರು, ಹಳೆಯ ಜಗಳ ನೆನಪಿಸಿಕೊಂಡರು. ಸ್ಕ್ರೀನಿನ ಮೇಲೆ ಸಾಲು ಸಾಲು ಮುಖ ಕೆಂಪಾಗುತ್ತ ಹೋಗಿ, ಕೊನೆಗೆ ಒಂದೇ ಒಂದು ಹಸಿರು ಉಳಿಯಿತು. ಮಂಗಳಗೌರಿಯದು.

“ಏನಾಗ್ತಿದೆ ಅಲ್ಲಿ?” ಹೆಡ್ ಆಫೀಸಿನ ಸಾಹೇಬರು ಕ್ಯಾಮೆರಾದ ಹತ್ತಿರ ಬಗ್ಗಿ ಕೇಳಿದರು. “ಮಂಗಳಗೌರಿ, ಫೈಟ್ ಆಗ್ತಿದ್ಯಾ? ಎಲ್ಲಾ ರೆಡ್ ತೋರಿಸ್ತಿದೆ.”

ಮಂಗಳಗೌರಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಫೈಟು ಅಲ್ಲ ಕಣಿ ಸಾ,” ಅಂದಳು ಹರದನಹಳ್ಳಿಯ ಕನ್ನಡದಲ್ಲಿ. “ಮದ್ವೆ ಮಾತಾಡ್ತಾ ಅವ್ರ.”

ಅವಳ ಮುಖವೂ ಕೆಂಪಾಯಿತು. ಹಾಲಿಗೆ ಹಾಲೇ ಕೇಕೆ ಹಾಕಿತು.

ಬಿಂದುಶ್ರೀ ರೇವಂತನ ಕೈಯಿಂದ ಮೈಕು ತಗೊಂಡಳು. ತಗೊಳ್ಳುವಾಗ ಬೆರಳು ತಾಗಿತು. ಈ ಸಲ ಇಬ್ಬರೂ ಬಿಡಲಿಲ್ಲ. ಹಾಗೇ ಅವನ ಕೈ ಹಿಡಿದುಕೊಂಡೇ ಸ್ಕ್ರೀನಿನ ಕಡೆ ತಿರುಗಿದಳು.

“ಸಾರ್, ನೋಡ್ತಾ ಇದ್ದೀರಲ್ಲ. ನಾವು ಒಳಗೊಳಗೇ ಸಾಯ್ತಿದ್ದಾಗ ನಿಮ್ಮ ಮೈತ್ರಿ ನಮಗೆ ಪ್ರೈಜ್ ಕೊಡ್ತು. ಇವತ್ತು ಬದುಕಿದ್ದೀವಿ, ಪೊಲೀಸ್ ಕರೀತಿದೆ. ರಾಜಣ್ಣ ದಿನಾ ಬೆಳಗ್ಗೆ ಮೆಟ್ಟಿಲು ಹತ್ತಕ್ಕಾಗದೆ ಕೆಳಗೇ ನಿಂತಿರ್ತಾನೆ, ಅದು ನಿಮಗೆ ಗೊತ್ತಾ? ಅವನ ಮುಖ ಹಸಿರಾಗೇ ಇತ್ತು. ನಾವು ಹೇಗಿದ್ದೀವಿ ಅಂತ ಗೊತ್ತಾಗಬೇಕು ಅಂದರೆ ಬಸ್ ಹತ್ತಿ ಬಂದು ಕೇಳಿ. ಬಯ್ತೀವಿ. ಬಯ್ದ ಮೇಲೆ ಊಟಕ್ಕೆ ಹಾಕ್ತೀವಿ.”

ಸಾಹೇಬರು ಪಕ್ಕದವರ ಜೊತೆ ಏನೋ ಗುಸುಗುಸು ಮಾಡಿದರು. ಆಮೇಲೆ ಕೆಮ್ಮಿ, “ಆ ಬ್ರಾಂಚಲ್ಲಿ ಮೈತ್ರಿ ಆಫ್ ಮಾಡಿಬಿಡಿ. ಮುಂದಿನ ವಾರ ನಾನೇ ಬರ್ತೀನಿ,” ಅಂದರು.

ಮಂಗಳಗೌರಿ ಸ್ವಿಚ್ಚು ಹುಡುಕುತ್ತ ಕೂರಲಿಲ್ಲ. ವೈರನ್ನೇ ಕಿತ್ತಳು. ಕೆಂಪು ಮುಖಗಳೆಲ್ಲ ಒಟ್ಟಿಗೆ ಆರಿದವು.

*

“ಪೀಡೆ ತೊಲಗ್ತು. ಇನ್ನು ಆರಾಮಾಗಿ ಕೆಲ್ಸ ಮಾಡ್ರವ್ವ,” ಅಂದಳು ಮಂಗಳಗೌರಿ ಬೆವರು ಒರೆಸಿಕೊಂಡು.

ಬಿಂದುಶ್ರೀ ಹಸಿರು ಪ್ಲಾಸ್ಟಿಕ್ಕಿನ ಮುಖವನ್ನು ಮೇಜಿನ ಮೇಲೆ ಬೋರಲು ಹಾಕಿದಳು. “ಮೈತ್ರಿ ಓಯ್ತು ಮೇಡಂ. ‘ಸರಿ’ ಒತ್ತೋ ಕೆಲ್ಸ ಇಲ್ಲೇ ಅದಲ್ಲ. ನಂಗ ಮಾತಾಡೋ ಕೆಲ್ಸ ಬೇಕು. ಸಂತೆಮರಹಳ್ಳೀಲಿ ಬಯ್ಯಕ್ಕೆ ಜನ ಕಾಯ್ತಾ ಅವ್ರ.”

“ಪ್ರಮೋಷನ್ನು?”

“ಅಸ್ಮಾಗೆ ಕೊಡಿ. ಉರ್ದೂಲಿ ಟ್ರೈನಿಂಗ್ ಕೊಡ್ತಾಳೆ.”

ಅಸ್ಮಾ ಓಡಿಬಂದು ಅವಳನ್ನು ಅಪ್ಪಿಕೊಂಡಳು, ಅಳುತ್ತ ನಗುತ್ತ ಬೆನ್ನಿಗೆ ಒಂದು ಬಿಟ್ಟಳು. ಬಿಂದುಶ್ರೀ ಕೀಬೋರ್ಡಿನ ಪಕ್ಕದ ಚೆಂಡುಹೂವನ್ನು ಮಾತ್ರ ಎತ್ತಿಕೊಂಡಳು. ಬ್ಯಾಗಿಗೆ ಹಾಕಲಿಲ್ಲ. ಎಲ್ಲರ ಎದುರೇ ಜಡೆಗೆ ಸಿಕ್ಕಿಸಿಕೊಂಡಳು. ರೇವಂತ ಕಣ್ಣು ಮಿಟುಕಿಸದೆ ನೋಡಿದ. ಅವಳು ಅವನನ್ನು ಒಂದು ಸಲ ಮೇಲಿನಿಂದ ಕೆಳಗೆ ನೋಡಿ, ಹುಬ್ಬು ಹಾರಿಸಿ, ಬಾಗಿಲು ದಾಟಿದಳು.

ಮೆಟ್ಟಿಲ ಅರ್ಧಕ್ಕೆ ಬಂದಾಗ ಮೇಲಿನಿಂದ ಕೂಗು ಕೇಳಿಸಿತು.

“ಅಮ್ಮೀ, ಬ್ಯಾಗು ಬುಟ್ಬುಟ್ಟು ಓಯ್ತಾ ಇದ್ದೀಯಲ್ಲ. ಡಬ್ಬೀನೂ ಇಲ್ಲೇ ಅದ.”

“ನೀನೇ ಎತ್ಕಂಡ್ ಬಾ.”

“ಡಬ್ಬೀಲಿ ಏನದ?”

“ಅವರೆಕಾಳು.”

“ತಿನ್ಲಾ?”

“ಮುಟ್ಟುದ್ರ ಕೈ ಮುರ್ದಾಕ್ಬುಡ್ತೀನಿ,” ಅಂದಳು ಬಿಂದುಶ್ರೀ ತಿರುಗಿ ನೋಡದೆ. ಮೇಲೆ ಡಬ್ಬಿಯ ಮುಚ್ಚಳ ತೆರೆದ ಸದ್ದಾಯಿತು. ಹಿಂದೆಯೇ ದಡದಡ ಇಳಿದು ಬರುವ ಹೆಜ್ಜೆ ಸದ್ದು. ಅವಳು ಜೋಡಿ ರಸ್ತೆಯ ಬಿಸಿಲಿಗೆ ಇಳಿದಳು. ಆ ಮೆಟ್ಟಿಲನ್ನು ಅವಳು ಮತ್ತೆ ಹತ್ತಲಿಲ್ಲ.